ಕಲ್ಲು ಕೊಯ್ಯುವ ವಜ್ರ

ಮನೆ ಕಟ್ಟಿಸುವ ಗೃಹಸ್ಥನು ಸಿಮೆಂಟಿನ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುವನು. ಕಬ್ಬಿಣದ ತೂಕವನ್ನು ತಾನೇ ನಿಂತು ನೋಡುವನು. ಬಾಗಿಲಿನ ಮರಕ್ಕಾಗಿ ಊರೂರು ಅಲೆಯುವನು. ಗೋಡೆಯೆದ್ದು, ತಾರಸಿಯಾಗಿ, ನೆಲಕ್ಕೆ ಕಲ್ಲು ಹಾಸುವ ಹೊತ್ತಿಗೆ ಅವನ ಕೈಯಲ್ಲಿ ಹಣವೂ ಕಡಿಮೆ, ಮನಸ್ಸಿನಲ್ಲಿ ತಾಳ್ಮೆಯೂ ಕಡಿಮೆ. ಆಗ ಮೇಸ್ತ್ರಿಯು ಬಂದು, "ಸ್ವಾಮಿ, ಬ್ಲೇಡು ಸವೆದುಹೋಯಿತು, ಇನ್ನೆರಡು ತರಿಸಿಕೊಡಿ" ಎಂದರೆ, ಅಂಗಡಿಗೆ ಹೋಗಿ "ಒಳ್ಳೆಯದೊಂದು ಕೊಡಿ" ಎನ್ನುವುದಲ್ಲದೆ ಬೇರೆ ಮಾತು ಅವನಿಗೆ ತೋಚದು. ಯಾವ ಕಲ್ಲಿಗೆ ಎಂದು ಅಂಗಡಿಯವನು ಕೇಳುವುದಿಲ್ಲ, ಇವನು ಹೇಳುವುದಿಲ್ಲ. ಆ ಅಂಗೈಯಗಲದ ಬಿಲ್ಲೆಯು ಸಾವಿರಾರು ರೂಪಾಯಿನ ಹಾಸುಗಲ್ಲಿನ ಅಂಚನ್ನು ಚಕ್ಕೆಯೆಬ್ಬಿಸಿ ಹಾಳುಮಾಡಿದ ಮೇಲೆ ಕಲ್ಲಿನ ಜಾತಿಯನ್ನೋ, ಕೆಲಸದವನ ಕೈಯನ್ನೋ ದೂರುವುದು ವಾಡಿಕೆ. ಬಹುಮಟ್ಟಿಗೆ ತಪ್ಪು ಎರಡರದೂ ಅಲ್ಲ. ಕಲ್ಲಿಗೂ ಚಕ್ರಕ್ಕೂ ಹೊಂದಿಕೆಯಿರಲಿಲ್ಲ, ಅಷ್ಟೇ.

ಮೊದಲು ಒಂದು ಸಂದೇಹವನ್ನು ಪರಿಹರಿಸಿಬಿಡೋಣ. ಕೆಲವು ನೂರು ರೂಪಾಯಿಗೆ ಸಿಕ್ಕುವ ಈ ಬಿಲ್ಲೆಯಲ್ಲಿ ನಿಜವಾಗಿಯೂ ವಜ್ರವಿರುವುದೇ? ಇರುವುದು. ಆದರೆ ಅದು ಗಣಿಯಿಂದ ಬಂದ ವಜ್ರವಲ್ಲ. ಮನುಷ್ಯನು ಮಾಡಿದ ವಜ್ರ. ಸ್ವೀಡನ್ ದೇಶದ ಆಸಿಯಾ ಎಂಬ ಸಂಸ್ಥೆಯವರು ೧೯೫೩ರಲ್ಲಿ ಕೃತಕ ವಜ್ರವನ್ನು ಮಾಡಿದರಾದರೂ ಸಂಗತಿಯನ್ನು ಗುಟ್ಟಾಗಿಟ್ಟರು. ೧೯೫೪ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಟ್ರೇಸಿ ಹಾಲ್ ಎಂಬ ವಿಜ್ಞಾನಿ ಅದನ್ನು ಸಾಧಿಸಿದನು. ಮುಂದಿನ ಫೆಬ್ರವರಿಯಲ್ಲಿ ಸುದ್ದಿಯು ಲೋಕಕ್ಕೆ ತಿಳಿಯಿತು. ಪೆನ್ಸಿಲಿನೊಳಗಿರುವ ಕರಿಯ ಗ್ರಾಫೈಟನ್ನು ಕರಗಿದ ಲೋಹದ ಸಂಗಡ ೫೦,೦೦೦ ವಾಯುಮಂಡಲಗಳಷ್ಟು ಒತ್ತಡದಲ್ಲಿಯೂ ಸುಮಾರು ೧,೫೦೦ ಡಿಗ್ರಿ ಶಾಖದಲ್ಲಿಯೂ ಇಟ್ಟರೆ ಅದರ ಇಂಗಾಲವು ವಜ್ರವಾಗಿ ಹರಳುಗಟ್ಟುವುದು. ಇಂದು ಇಂತಹ ವಜ್ರದ ಬಹುಭಾಗವು ಚೀನಾದೇಶದಲ್ಲಿ ತಯಾರಾಗಿ, ಸಕ್ಕರೆಯಂತೆ ಹರಳುಹರಳಾಗಿ ತೂಕಕ್ಕೆ ಮಾರಾಟವಾಗುತ್ತದೆ. ಮೂಗುಬೊಟ್ಟಿಗೆ ಬಾರದ, ಹಳದಿ ಹಸುರು ಛಾಯೆಯ ಈ ಹರಳಿಗೆ ಕಾಠಿಣ್ಯದಲ್ಲಿ ಮಾತ್ರ ಯಾವ ಕೊರತೆಯೂ ಇಲ್ಲ.

ಕಾಠಿಣ್ಯವೆಂದರೇನು? ಒಂದು ವಸ್ತು ಇನ್ನೊಂದನ್ನು ಗೀಚಬಲ್ಲುದಾದರೆ ಗೀಚಿದ್ದು ಹೆಚ್ಚು ಕಠಿಣ. ಈ ಸರಳವಾದ ಮಾತಿನ ಮೇಲೆ ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ಪಂಡಿತನು ೧೮೧೨ರಲ್ಲಿ ಹತ್ತು ಮೆಟ್ಟಿಲುಗಳ ಪಟ್ಟಿಯೊಂದನ್ನು ಕಟ್ಟಿದನು. ಅಮೃತಶಿಲೆಯ ಮುಖ್ಯದ್ರವ್ಯವಾದ ಕ್ಯಾಲ್ಸೈಟು ಅದರಲ್ಲಿ ೩; ಗ್ರಾನೈಟಿನಲ್ಲಿ ಹೆಚ್ಚಾಗಿರುವ ಫೆಲ್ಡ್‌ಸ್ಪಾರು ೬, ಬೆಣಚು ೭; ಕೆಂಪು ನೀಲಗಳ ಜಾತಿಯ ಕುರುವಿಂದವು ೯; ವಜ್ರವು ೧೦. ಒಂಬತ್ತಕ್ಕೂ ಹತ್ತಕ್ಕೂ ಒಂದೇ ಮೆಟ್ಟಿಲೆಂದು ಭ್ರಮಿಸಬಾರದು. ಅಳತೆಯ ಯಂತ್ರದಿಂದ ಒತ್ತಿ ನೋಡಿದರೆ ವಜ್ರವು ಕುರುವಿಂದಕ್ಕಿಂತ ಮೂರು ನಾಲ್ಕು ಪಟ್ಟು ಕಠಿಣವಾಗಿ ತೋರುವುದು.

ಪೂರ್ವಕಾಲದ ನಮ್ಮ ಶಿಲ್ಪಿಗಳು ಈ ಸಹಾಯವಿಲ್ಲದೆ ಬೆಣಚುಕಲ್ಲನ್ನು ಸೀಳಿದರು. ಹಂಪೆಯ ಬಂಡೆಗಳ ಮೇಲೆ ಸಾಲಾಗಿ ಕಾಣುವ ಚೌಕಗುಳಿಗಳು ಅವರ ಬೆಣೆಗಳ ಗುರುತುಗಳು. ಅವರು ಕಲ್ಲನ್ನು ಕೊಯ್ಯಲಿಲ್ಲ, ಒಡೆದರು. ಕಲ್ಲು ತನ್ನ ಪದರವನ್ನನುಸರಿಸಿ ಬಿರಿಯಿತು. ಕಲ್ಲಿನ ಇಚ್ಛೆಯನ್ನು ಕೇಳದೆ ನಮಗೆ ಬೇಕಾದಲ್ಲಿ ಗೆರೆಯೆಳೆದು ಕೊಯ್ಯುವ ವಜ್ರದ ಗರಗಸವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕಲ್ಲುಗಣಿಗಳಲ್ಲಿ ಬಳಕೆಗೆ ಬಂದಿತು. ಆಗ ಗಣಿಯ ವಜ್ರವನ್ನೇ ಚಕ್ರದ ಅಂಚಿಗೆ ಒಂದೊಂದಾಗಿ ಕೂರಿಸಬೇಕಾಗಿದ್ದುದರಿಂದ ಅದು ಸಿರಿವಂತ ಕಾರಖಾನೆಗಳ ಸೊತ್ತಾಗಿತ್ತು. ಕೃತಕ ವಜ್ರವು ಬಂದ ಮೇಲೆಯೇ ಅದು ಗಾರೆಯವನ ಚೀಲವನ್ನು ಸೇರಿದುದು.

ಇನ್ನು ಚಕ್ರದ ರಚನೆಗೆ ಬರೋಣ. ನಡುವೆ ಉಕ್ಕಿನ ತೆಳುವಾದ ಬಿಲ್ಲೆ. ಅದು ಏನನ್ನೂ ಕೊಯ್ಯದು. ಹೊತ್ತು ತಿರುಗಿಸುವುದಷ್ಟೇ ಅದರ ಕೆಲಸ. ಅಂಚಿನಲ್ಲಿ ನಾಲ್ಕಾರು ಮಿಲಿಮೀಟರಿನಿಂದ ಹತ್ತು ಹದಿನೈದು ಮಿಲಿಮೀಟರಿನವರೆಗೆ ಎತ್ತರವಿರುವ ಬೇರೊಂದು ಪಟ್ಟಿ. ಕೋಬಾಲ್ಟು, ಕಬ್ಬಿಣ, ತಾಮ್ರ, ಕಂಚು ಮೊದಲಾದ ಲೋಹಗಳ ಪುಡಿಯಲ್ಲಿ ವಜ್ರದ ಹರಳುಗಳನ್ನು ಕಲಸಿ, ಅಚ್ಚಿನಲ್ಲಿ ಒತ್ತಿ, ಕಾಯಿಸಿ, ಈ ಪಟ್ಟಿಯನ್ನು ಮಾಡುವರು. ಹರಳುಗಳನ್ನು ಹಿಡಿದಿಡುವ ಈ ಲೋಹಕ್ಕೆ ವ್ಯಾಪಾರದಲ್ಲಿ ಬಾಂಡ್ ಎಂದು ಹೆಸರು; ನಾವು ಬಂಧಕವೆನ್ನೋಣ. ಚಕ್ರದ ಗುಣಾಗುಣವೆಲ್ಲ ಅಡಗಿರುವುದು ವಜ್ರದಲ್ಲಿ ಎಂದು ನಾವು ತಿಳಿದಿರುವೆವು. ಅದು ಅಡಗಿರುವುದು ಹೆಚ್ಚಾಗಿ ಈ ಬಂಧಕದಲ್ಲಿ.

ಹೇಗೆಂದರೆ, ಪೆನ್ಸಿಲನ್ನು ನೆನೆಯಿರಿ. ಬರೆಯುವುದು ಒಳಗಿನ ಕಡ್ಡಿ. ಆದರೆ ಸುತ್ತಣ ಮರವನ್ನು ಹೆರೆಯದಿದ್ದರೆ ಕಡ್ಡಿಯು ಹೊರಗೆ ಬಾರದು. ಹಾಗೆಯೇ ಚಕ್ರದಲ್ಲಿ ಬಂಧಕವು ಸವೆದಂತೆ ವಜ್ರದ ಮೊನೆ ಹೊರಬೀಳುವುದು. ಹೊರಬಿದ್ದ ಹರಳು ಕೆಲಸ ಮಾಡಿ ಮೊಂಡಾಗಿ ಅಥವಾ ಮುರಿದು ಉದುರಿಹೋಗುವುದು. ಅಷ್ಟರಲ್ಲಿ ಬಂಧಕವು ಇನ್ನಷ್ಟು ಸವೆದು ಹೊಸ ಹರಳು ತಲೆಯೆತ್ತುವುದು. ಅಂದರೆ ಚಕ್ರವು ತನ್ನನ್ನು ತಾನೇ ಹೆರೆದುಕೊಳ್ಳುತ್ತ ಹರಿತವಾಗಿ ಉಳಿಯುವುದು. ಹೆರೆಯುವ ಚಾಕು ಯಾವುದು? ಕೊಯ್ಯಲ್ಪಡುವ ಕಲ್ಲಿನ ಪುಡಿಯೇ! ಕಲ್ಲು ಚಕ್ರವನ್ನು ತಿನ್ನುವುದು, ಚಕ್ರವು ಕಲ್ಲನ್ನು ತಿನ್ನುವುದು. ಇಬ್ಬರ ಊಟವೂ ಸಮವಾಗಿದ್ದರೆ ಕೆಲಸವು ಸುಗಮ.

ಇಲ್ಲಿಂದ ಹುಟ್ಟುವ ನಿಯಮವು ಕೇಳಿದೊಡನೆ ವಿಪರೀತವೆನಿಸುವುದು. ಕಠಿಣವಾದ ಕಲ್ಲಿಗೆ ಮೃದುವಾದ ಬಂಧಕ ಬೇಕು. ಮೃದುವಾದ, ಮರಳುಮರಳಾದ ವಸ್ತುವಿಗೆ ಕಠಿಣವಾದ ಬಂಧಕ ಬೇಕು. ಗಟ್ಟಿಯಾದ ಕಲ್ಲಿನ ಪುಡಿಯು ನುಣ್ಣಗೆ, ಸ್ವಲ್ಪವಾಗಿ ಏಳುವುದರಿಂದ ಅದು ಗಟ್ಟಿಯಾದ ಬಂಧಕವನ್ನು ಹೆರೆಯಲಾರದು. ಆಗ ಮೇಲಿನ ಹರಳುಗಳು ಮೊಂಡಾಗಿ, ಹೊಸವು ಹೊರಬಾರದೆ, ಅಂಚು ಕನ್ನಡಿಯಂತೆ ನುಣುಪಾಗುವುದು. ಕೆಲಸದವನು ಬಲವಾಗಿ ಒತ್ತುವನು. ಒತ್ತಿದಷ್ಟೂ ಕಾವು, ಕಾವೇರಿದಷ್ಟೂ ಉಕ್ಕಿನ ಬಿಲ್ಲೆ ಬಾಗಿ ಅತ್ತಿತ್ತ ತೂರಾಡುವುದು, ಗೆರೆ ಸೊಟ್ಟಾಗಿ ಕಲ್ಲಿನ ಮೇಲ್ಮೈ ಚಕ್ಕೆ ಏಳುವುದು. ಇದಕ್ಕೆ ವ್ಯತಿರಿಕ್ತವಾಗಿ, ಗ್ರಾನೈಟಿಗೆಂದು ಮಾಡಿದ ಮೃದುಬಂಧಕದ ಚಕ್ರದಿಂದ ಇಟ್ಟಿಗೆಯ ಗೋಡೆಯನ್ನು ಸೀಳಿದರೆ, ಮರಳು ಬಂಧಕವನ್ನು ತಿಂದುಹಾಕಿ, ಇನ್ನೂ ಹರಿತವಾಗಿರುವ ಹರಳುಗಳು ಕೆಲಸ ಮಾಡುವ ಮುನ್ನವೇ ಉದುರುವುವು. ಬೆಲೆಯುಳ್ಳ ಚಕ್ರವು ಅರ್ಧ ದಿನದಲ್ಲಿ ಸವೆದುದನ್ನು ಕಂಡು ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ನಮ್ಮ ನಾಡಿನ ಕಲ್ಲುಗಳನ್ನು ಹಿಡಿದು ಈ ನಿಯಮವನ್ನು ನೋಡುವುದು ಪ್ರಯೋಜನಕರ. ಇಳಕಲ್ಲಿನ ಕೆಂಪು ಗ್ರಾನೈಟು, ದೇವನಹಳ್ಳಿಯ ಬಳಿಯ ಸಾದರಹಳ್ಳಿಯ ಬೂದುಗಲ್ಲು, ಇವುಗಳಲ್ಲಿ ಬೆಣಚು ಹೇರಳ. ಮೃದುಬಂಧಕದ, ಗ್ರಾನೈಟಿಗೆಂದೇ ಬರೆದಿರುವ ಚಕ್ರವು ಇವಕ್ಕೆ ತಕ್ಕುದು. ಚಾಮರಾಜನಗರದ ಹೆಸರಾಂತ ಕರಿಯ ಗ್ರಾನೈಟು ಹೆಸರಿಗೆ ಮಾತ್ರ ಗ್ರಾನೈಟು. ಶಿಲಾಶಾಸ್ತ್ರದಲ್ಲಿ ಅದು ಡಾಲರೈಟು, ಬೆಣಚು ಅತ್ಯಲ್ಪ. ಆದರೆ ಅದರ ಕಣಗಳು ಬಹಳ ಒತ್ತಾಗಿ ಹೆಣೆದುಕೊಂಡಿರುವುದರಿಂದ ಅದೂ ಗಡುಸೇ, ಚಕ್ರವೂ ಅದೇ ವರ್ಗದ್ದು. ಕಲಬುರಗಿ ಸೀಮೆಯ ಶಹಾಬಾದಿನ ಫರಸಿ, ಆಂಧ್ರದ ಕಡಪಾ ಕಲ್ಲು, ರಾಜಸ್ಥಾನದ ಮಕ್ರಾಣದ ಅಮೃತಶಿಲೆ, ಇವೆಲ್ಲ ಸುಣ್ಣದ ಕುಲದವು. ಮೋಸ್‌ನ ಪಟ್ಟಿಯಲ್ಲಿ ಮೂರರ ಸುತ್ತಮುತ್ತ. ಇವನ್ನು ಕೊಯ್ಯುವುದು ಕಷ್ಟವಲ್ಲ. ಅಂಚು ಒಡೆಯದಂತೆ ಕೊಯ್ಯುವುದು ಕಷ್ಟ. ಕರಾವಳಿಯ ಮುರಕಲ್ಲು ಗಣಿಯಲ್ಲಿರುವಾಗ ಮೆತ್ತಗಿದ್ದರೂ ಚಕ್ರದ ಅಂಚನ್ನು ಉಜ್ಜುವುದರಲ್ಲಿ ಬಲು ಒರಟು. ಇಟ್ಟಿಗೆ, ಗಾರೆ, ಸಿಮೆಂಟಿನ ದಿಮ್ಮಿಗಳೂ ಅದೇ ಸ್ವಭಾವದವು. ಇವಕ್ಕೆ ಗಟ್ಟಿಬಂಧಕ. ಹೊಸದಾಗಿ ಹಾಕಿದ ಕಾಂಕ್ರೀಟು ಇನ್ನೂ ಹೊಟ್ಟೆಬಾಕ. ಪೂರ್ತಿ ಗಟ್ಟಿಯಾಗದ ಅದರ ಮರಳು ಸಡಿಲವಾಗಿ ಉದುರಿ ಚಕ್ರವನ್ನು ಅರೆಯುವುದು. ಎಲ್ಲ ಮನೆಗಳಲ್ಲಿಯೂ ಈಗ ಕಾಣುವ ವಿಟ್ರಿಫೈಡ್ ಟೈಲ್ಸು ಗಾಜಿನಂತೆ ಗಡುಸು, ಗಾಜಿನಂತೆ ಪೆಡಸು. ಅದಕ್ಕೆ ಮೃದುಬಂಧಕವೂ ಬೇಕು, ಸಣ್ಣ ಹರಳೂ ಬೇಕು.

ಬಂಧಕವು ಮೃದುವೋ ಗಟ್ಟಿಯೋ ಎಂದು ಕಣ್ಣಿಂದ ನೋಡಿ ತಿಳಿಯಲಾಗದು. ಆದಕಾರಣ ಚಕ್ರದ ಮೇಲೂ ಪೊಟ್ಟಣದ ಮೇಲೂ ಯಾವ ವಸ್ತುವಿಗೆಂದು ಬರೆದಿರುವುದೋ ಅದನ್ನು ಓದಬೇಕು. "ಎಲ್ಲಕ್ಕೂ ಆಗುವುದು" ಎಂದು ಬರೆದಿರುವ ಚಕ್ರವು ಎಲ್ಲವನ್ನೂ ಸ್ವಲ್ಪಸ್ವಲ್ಪ ಕೊಯ್ಯಬೇಕಾದವನಿಗೆ ಸರಿ. ಒಂದೇ ಬಗೆಯ ಕಲ್ಲನ್ನು ಮನೆತುಂಬ ಹಾಸುವವನು ಅದನ್ನು ಕೊಳ್ಳುವುದು ಜಾಣತನವಲ್ಲ. ವಜ್ರ ಹೆಚ್ಚಿದ್ದಷ್ಟೂ ಮೇಲು ಎಂಬ ನಂಬಿಕೆಯೂ ಹುರುಳಿಲ್ಲದ್ದು. ಒಂದು ಘನ ಸೆಂಟಿಮೀಟರು ಪಟ್ಟಿಯಲ್ಲಿ ೪.೪ ಕ್ಯಾರಟ್ ವಜ್ರವಿದ್ದರೆ, ಎಂದರೆ ಗಾತ್ರದಲ್ಲಿ ಕಾಲುಭಾಗ ವಜ್ರವೇ ಆಗಿದ್ದರೆ, ಆ ಸಾಂದ್ರತೆಯನ್ನು ೧೦೦ ಎಂದು ಎಣಿಸುವುದು ಈ ಕಸುಬಿನ ಪದ್ಧತಿ. ಹರಳುಗಳು ಬಹಳವಾದರೆ ಒತ್ತುವ ಬಲವು ಅಷ್ಟೂ ಹರಳುಗಳಿಗೆ ಹಂಚಿಹೋಗಿ, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವು ಒಂದನ್ನೂ ಕಲ್ಲಿನೊಳಗೆ ಊರಲಾರದು. ದೊಡ್ಡ ಯಂತ್ರಕ್ಕೆ ಭೂಷಣವಾದ ಚಕ್ರವು ಚಿಕ್ಕ ಯಂತ್ರದಲ್ಲಿ ಮೊಂಡುಬೀಳುವ ಗುಟ್ಟು ಇದು.

ಕಣ್ಣಿಗೆ ಕಾಣುವ ಭೇದವೆಂದರೆ ಅಂಚಿನ ಆಕಾರ. ನಡುನಡುವೆ ಸೀಳುಗಳಿದ್ದು ಹಲ್ಲುಗಳಂತೆ ತೋರುವ ಅಂಚು ಬೇಗ ಕೊಯ್ಯುವುದು. ಸೀಳುಗಳಲ್ಲಿ ಗಾಳಿಯಾಡಿ ಕಾವು ತಗ್ಗುವುದು, ಪುಡಿ ಹೊರಬೀಳುವುದು. ಆದರೆ ಕೊಯ್ದ ಗೆರೆ ಒರಟು. ಗೋಡೆಗೆ, ಕಾಂಕ್ರೀಟಿಗೆ, ಅಂಗಳದ ಕಲ್ಲಿಗೆ ಇದು ಸಾಕು. ಸೀಳಿಲ್ಲದ ಅಖಂಡವಾದ ಅಂಚು ನಿಧಾನವಾಗಿ, ಆದರೆ ನಯವಾಗಿ ಕೊಯ್ಯುವುದು. ಟೈಲ್ಸಿಗೂ ಅಮೃತಶಿಲೆಗೂ ಇದೇ. ಇದಕ್ಕೆ ಸಾಮಾನ್ಯವಾಗಿ ನೀರು ಬೇಕೇ ಬೇಕು. ಇವೆರಡರ ನಡುವೆ ಟರ್ಬೋ ಎಂದು ಕರೆಯುವ, ಹಗ್ಗದ ಹುರಿಯಂತೆ ಓರೆಗೆರೆಗಳುಳ್ಳ ಅಂಚೊಂದಿದೆ. ಅಡಿಗೆಮನೆಯ ಗ್ರಾನೈಟು ಕಟ್ಟೆಗೆ ಸಾಮಾನ್ಯವಾಗಿ ಅದನ್ನೇ ಆರಿಸುವರು. ನೀರಿನಲ್ಲಿಯೇ ಬಳಸಬೇಕೆಂದು ಬರೆದಿರುವ ಚಕ್ರವನ್ನು ಒಣಗಿಯೇ ಓಡಿಸಿದರೆ ಬೆಸುಗೆ ಬಿಟ್ಟು ಹಲ್ಲು ಹಾರಬಹುದು. ಒಣಗಿ ಬಳಸಬಹುದಾದುದನ್ನು ನೀರಿನಲ್ಲಿ ಬಳಸಲು ಅಡ್ಡಿಯಿಲ್ಲ.

ಚಕ್ರದ ಮೈಮೇಲಿನ ಅಂಕೆಗಳಲ್ಲಿ ಎರಡನ್ನು ಗೃಹಸ್ಥನೂ ನೋಡಬಲ್ಲನು. ಮೊದಲನೆಯದು ನಡುವಣ ರಂಧ್ರದ ಅಳತೆ. ನಾಲ್ಕಂಗುಲದ ಮಾರ್ಬಲ್ ಕಟ್ಟರಿಗೆ ಸಾಮಾನ್ಯವಾಗಿ ೨೦ ಮಿಲಿಮೀಟರು. ನಾಲ್ಕಂಗುಲದ ಗ್ರೈಂಡರಿಗೆ ೧೬. ಸಡಿಲವಾದ ರಂಧ್ರಕ್ಕೆ ಕಾಗದ ಸುತ್ತಿ ಕೂರಿಸುವ ಉಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬಾರದು. ಎರಡನೆಯದು ನಿಮಿಷಕ್ಕೆ ಎಷ್ಟು ಸುತ್ತು ತಡೆಯುವುದೆಂಬ ಅಂಕೆ. ೧೧೦ ಮಿಲಿಮೀಟರಿನ ಚಕ್ರದ ಸುತ್ತಳತೆ ಸುಮಾರು ೩೪೫ ಮಿಲಿಮೀಟರು. ನಿಮಿಷಕ್ಕೆ ೧೩,೦೦೦ ಸುತ್ತು ತಿರುಗುವ ಯಂತ್ರದಲ್ಲಿ ಅದರ ಅಂಚು ಸೆಕೆಂಡಿಗೆ ೭೫ ಮೀಟರು, ಎಂದರೆ ಗಂಟೆಗೆ ೨೭೦ ಕಿಲೋಮೀಟರು ವೇಗದಲ್ಲಿ ಓಡುತ್ತಿರುವುದು. ಇಂತಹ ಚಕ್ರಗಳಿಗೆ ಸಾಮಾನ್ಯವಾಗಿ ಹಾಕಿರುವ ಮಿತಿ ೮೦ ಮೀಟರು. ಹೆಚ್ಚು ಆಳ ಕೊಯ್ಯುವ ಆಸೆಯಿಂದ, ಕಾಪುತಗಡನ್ನು ಕಳಚಿ, ಅದೇ ಯಂತ್ರಕ್ಕೆ ಏಳಂಗುಲದ ಚಕ್ರವನ್ನು ತೊಡಿಸುವವರನ್ನು ಕಾಣುತ್ತೇವೆ. ಆಗ ಅಂಚಿನ ವೇಗವು ೧೨೨ ಮೀಟರಿಗೇರುವುದು. ಆ ಚಕ್ರದ ಮೇಲೆ ೮,೫೦೦ ಸುತ್ತೆಂದು ಬರೆದಿದ್ದರೂ ಓದುವವರಿಲ್ಲ. ಹಲ್ಲೊಂದು ಕಿತ್ತು ಹಾರಿದರೆ ಅದು ಗುಂಡಿಗೆ ಸಮಾನ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಕಲ್ಲಿನ ಚಕ್ರದಿಂದ ಕಬ್ಬಿಣದ ಸರಳನ್ನು ಕೊಯ್ಯಿಸಬಾರದು. ಅಷ್ಟು ಕಠಿಣವಾದ ವಜ್ರಕ್ಕೆ ಕಬ್ಬಿಣವೊಂದು ಲೆಕ್ಕವೇ ಎನ್ನಬಹುದು. ಆದರೆ ವಜ್ರವು ಇಂಗಾಲ. ಕೆಂಪಗೆ ಕಾದ ಕಬ್ಬಿಣವು ಇಂಗಾಲವನ್ನು ಹೀರಿಕೊಳ್ಳುವುದು. ಕರಗಿದ ಕಬ್ಬಿಣದ ಸಹಾಯದಿಂದಲೇ ಕೃತಕ ವಜ್ರವು ಹುಟ್ಟುವುದು, ಕಾದ ಕಬ್ಬಿಣದ ಸಂಗದಲ್ಲಿಯೇ ಅದು ಸವೆಯುವುದು! ಸರಳಿಗೆ ಅಗ್ಗದ ಬೇರೆ ಚಕ್ರಗಳಿವೆ; ಅವನ್ನೇ ತರಿಸಬೇಕು.

ಬಳಸುವ ಕ್ರಮವು ಮೇಸ್ತ್ರಿಗೆ ಬಿಟ್ಟ ವಿಷಯವಾದರೂ ನೋಡುವ ಕಣ್ಣಿಗೆ ಎರಡು ಗುರುತುಗಳು ತಿಳಿದಿರಲಿ. ಚಕ್ರದ ಮೇಲೆ ಬಾಣದ ಗುರುತಿದೆ. ಯಂತ್ರವು ತಿರುಗುವ ದಿಕ್ಕಿಗೆ ಅದು ಹೊಂದಬೇಕು. ಕೊಯ್ಯುವಾಗ ಒಂದೊಂದು ಹರಳಿನ ಬೆನ್ನಿಗೂ ಬಂಧಕದ ಪುಟ್ಟ ಬಾಲವೊಂದು ಒರಗಾಗಿ ಉಳಿಯುವುದು. ದಿಕ್ಕು ತಿರುಗಿಸಿದರೆ ಒರಗು ಮುಂದಾಗಿ ಹರಳು ಬೇಗ ಕಳಚುವುದು. ಇನ್ನೊಂದು, ಚಕ್ರವು ಮೊಂಡಾಗಿ ಕಿಡಿ ಹಾರಿಸತೊಡಗಿದರೆ ಅದನ್ನು ಎಸೆಯುವ ಮುನ್ನ ಮರಳುಗಲ್ಲಿನಲ್ಲೋ ಸಿಮೆಂಟಿನ ಇಟ್ಟಿಗೆಯಲ್ಲೋ ಹತ್ತಾರು ಬಾರಿ ಕೊಯ್ಯಿಸಿ ನೋಡಬೇಕು. ನುಣುಪಾದ ಒರಳಿಗೆ ಕಲ್ಲುಕುಟಿಗನನ್ನು ಕರೆಸಿ ಮತ್ತೆ ಉಳಿಯಿಂದ ತರಿ ಮಾಡಿಸುತ್ತಿದ್ದುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಸಂಗತಿ, ಇದೂ ಅದೇ. ಒರಟಾದ ವಸ್ತುವು ಬಂಧಕವನ್ನು ಹೆರೆದು ಹೊಸ ಹರಳುಗಳನ್ನು ತೆರೆಯುವುದು. ಮತ್ತೆಮತ್ತೆ ಹೀಗೆ ಮಾಡಬೇಕಾಗಿ ಬಂದರೆ ಆ ಚಕ್ರವು ಆ ಕಲ್ಲಿಗೆ ಗಟ್ಟಿಯಾಯಿತೆಂದೇ ಅರ್ಥ.

ಕಟ್ಟೆಯ ಅಂಚನ್ನು ದುಂಡಗೆ ಮಾಡುವ ಬಟ್ಟಲಾಕಾರದ ಚಕ್ರಕ್ಕೂ ಮೇಲಿನ ನಿಯಮವೇ ಸಲ್ಲುವುದು. ಮೆರುಗಿಗೆ ರಾಳದಲ್ಲಿ ವಜ್ರದ ಪುಡಿ ಸೇರಿಸಿದ ಮೆತ್ತನೆಯ ಬಿಲ್ಲೆಗಳುಂಟು. ೫೦ರಿಂದ ಮೊದಲಾಗಿ ೧೦೦, ೨೦೦, ೪೦೦ ಎಂದು ೩,೦೦೦ದವರೆಗೆ ಒಂದೊಂದನ್ನೇ ಹತ್ತಬೇಕು. ನಡುವೆ ಎರಡನ್ನು ಹಾರಿಸಿದರೆ ಹಿಂದಿನ ಗೀರು ಉಳಿದು, ಮನೆಗೆ ಬಂದ ಬೆಳಕು ಅದನ್ನು ದಿನವೂ ತೋರಿಸುತ್ತಿರುವುದು.

ಇಷ್ಟರವರೆಗೆ ಹೇಳಿದುದು ಕಲ್ಲಿನ ಲಾಭನಷ್ಟ. ಇನ್ನು ಹೇಳಬೇಕಾದುದು ಕೊಯ್ಯುವವನ ಪ್ರಾಣದ ವಿಷಯ. ಒಣಗಲ್ಲನ್ನು ಕೊಯ್ಯುವಾಗ ಏಳುವ ಬಿಳಿಯ ಮೋಡವನ್ನು ನಾವೆಲ್ಲರೂ ಕಂಡಿದ್ದೇವೆ. ಅದರಲ್ಲಿ ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯದ್ದಲ್ಲ. ಮೂಗು ಗಂಟಲುಗಳು ಅದನ್ನು ತಡೆಯುವುವು. ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತ ಸಣ್ಣದಾದ, ಕಣ್ಣಿಗೆ ಕಾಣದ ಬೆಣಚಿನ ಕಣಗಳೇ ಶ್ವಾಸಕೋಶದ ಕೊನೆಯವರೆಗೂ ಇಳಿದು, ಅಲ್ಲಿ ಗಾಯದ ಗಂಟುಗಳನ್ನೆಬ್ಬಿಸುವುವು. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣವಾಗುವ ಮದ್ದಿಲ್ಲ. ಕ್ಷಯವೂ ಸುಲಭವಾಗಿ ಅದರ ಬೆನ್ನು ಹತ್ತುವುದು. ನಮ್ಮ ನಾಡಿಗೆ ಇದು ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಆದರೆ ೧೯೪೭ರಲ್ಲಿ ಪ್ರಕಟವಾದ ವೈದ್ಯಪರೀಕ್ಷೆಯೊಂದರಲ್ಲಿಯೇ ಅಲ್ಲಿಯ ಕೆಲಸಗಾರರ ಪೈಕಿ ೧೦೦ಕ್ಕೆ ೪೦ಕ್ಕೂ ಮಿಕ್ಕಿದ ಮಂದಿಯಲ್ಲಿ ಈ ರೋಗವು ಕಂಡುಬಂದಿತ್ತು. ೧೯೯೭ರಲ್ಲಿ ಬೆಣಚಿನ ಧೂಳನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲನೆಯ ವರ್ಗಕ್ಕೆ ಅಂತರರಾಷ್ಟ್ರೀಯ ಸಂಶೋಧನಾಸಂಸ್ಥೆಯು ಸೇರಿಸಿತು. ಅಡಿಗೆಮನೆಯ ಕಟ್ಟೆಗೆ ಈಚೆಗೆ ಬಳಸುತ್ತಿರುವ, ಬೆಣಚಿನ ಪುಡಿಯನ್ನು ರಾಳದಲ್ಲಿ ಬೆರೆಸಿ ಮಾಡಿದ ಕೃತಕಶಿಲೆಯಲ್ಲಂತೂ ೧೦೦ಕ್ಕೆ ೯೦ಕ್ಕೂ ಮೇಲ್ಪಟ್ಟು ಬೆಣಚೇ ಇರಬಹುದು. ಅದನ್ನು ಕೊಯ್ದ ಎಳೆಯ ಕೆಲಸಗಾರರು ರೋಗಕ್ಕೆ ತುತ್ತಾದುದನ್ನು ಕಂಡು ಆಸ್ಟ್ರೇಲಿಯಾ ದೇಶವು ೨೦೨೪ರ ಜುಲೈ ೧ರಿಂದ ಅದರ ತಯಾರಿಕೆ, ಮಾರಾಟ, ಅಳವಡಿಕೆಗಳನ್ನೇ ನಿಷೇಧಿಸಿತು.

ಮೊಂಡು ಚಕ್ರದಿಂದ ಒಂದೇ ಗೆರೆಯನ್ನು ಮೂರು ಪಟ್ಟು ಹೊತ್ತು ಉಜ್ಜುವವನು ಅಷ್ಟು ಹೊತ್ತೂ ಆ ಮೋಡದೊಳಗೆ ನಿಂತಿರುವನು. ಚಕ್ರದ ಆಯ್ಕೆಗೂ ಅವನ ಉಸಿರಿಗೂ ಇರುವ ನಂಟು ಇದು. ಧೂಳನ್ನು ಹುಟ್ಟಿದಲ್ಲಿಯೇ ಹಿಡಿಯುವ ಸುಲಭೋಪಾಯ ನೀರು. ಅದು ಚಕ್ರದ ಕಾವನ್ನೂ ಇಳಿಸುವುದು. ಸಾಮಾನ್ಯವಾಗಿ ಒಬ್ಬನು ಕೊಯ್ಯುತ್ತಿರಲು ಇನ್ನೊಬ್ಬನು ಸೀಸೆಯ ಮುಚ್ಚಳಕ್ಕೆ ತೂತು ಮಾಡಿ ನೀರು ಬಿಡುವನು. ಏನೂ ಇಲ್ಲದುದಕ್ಕಿಂತ ಅದು ಮೇಲು. ಆದರೆ ನೀರು ವಿದ್ಯುತ್ತಿನ ಯಂತ್ರದ ಮೇಲೆ ಬಿದ್ದು ಜೀವಕ್ಕೆ ಬಂದೀತು. ನೀರಿನ ಕೊಳವೆಯನ್ನು ಜೋಡಿಸಿರುವ ಯಂತ್ರವನ್ನೇ ತರಿಸಬೇಕು. ೩೦ ಮಿಲಿ ಆಂಪಿಯರು ಸೋರಿದೊಡನೆ ವಿದ್ಯುತ್ತನ್ನು ಕಡಿದುಹಾಕುವ ಸ್ವಿಚ್ಚನ್ನು ಕೆಲಸ ನಡೆಯುವ ಮನೆಗೆ ಮೊದಲೇ ಹಾಕಿಸಿರಬೇಕು. ಮುಖಕ್ಕೆ ಸುತ್ತಿದ ಟವಲು ಈ ಧೂಳಿಗೆ ತಡೆಯೇ ಅಲ್ಲ. ಎನ್ ೯೫ ಎಂದು ಗುರುತಿರುವ ಮುಖವಾಡವು ಮೂಗಿಗೆ ಒತ್ತಿ ಕುಳಿತರೆ ಸ್ವಲ್ಪ ರಕ್ಷಣೆ ದೊರೆಯುವುದು. ಕೂಲಿಯ ಮಾತಾಡುವಾಗಲೇ ನೀರಿನಲ್ಲಿ ಕೊಯ್ಯಬೇಕೆಂದೂ ಅದಕ್ಕೆ ಹಿಡಿಯುವ ಹೆಚ್ಚಿನ ಹೊತ್ತಿಗೆ ಹಣ ಕೊಡುವೆವೆಂದೂ ಯಜಮಾನನೇ ಹೇಳಬೇಕು. ಕೆಲಸದವನಾಗಿ ಅದನ್ನು ಕೇಳುವುದಿಲ್ಲ. ಬೇಗ ಮುಗಿಸಿ ಮುಂದಿನ ಮನೆಗೆ ಹೋದರೆ ಅವನಿಗೆ ಅಂದಿನ ಅನ್ನ.

ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಬೂದುಬಣ್ಣದ ಕೆಸರನ್ನು ಒದ್ದೆಯಿರುವಾಗಲೇ ಬಳಿದು ಚೀಲಕ್ಕೆ ತುಂಬಿಸಬೇಕು. ಚರಂಡಿಗೆ ಬಿಟ್ಟರೆ ಅಲ್ಲಿ ಕಟ್ಟಿಕೊಳ್ಳುವುದು. ನೆಲದ ಮೇಲೆಯೇ ಒಣಗಲು ಬಿಟ್ಟು ಮರುದಿನ ಪೊರಕೆ ಹಿಡಿದರೆ, ನೀರು ಹಿಡಿದಿಟ್ಟಿದ್ದ ಧೂಳೆಲ್ಲ ಮತ್ತೆ ಎದ್ದು, ಗುಡಿಸುವವಳ ಎದೆಗೆ ಹೋಗುವುದು.